ಹಿಂದೆ ಬಿದ್ದ ಗೇಮ್ ಕನ್ಸೋಲ್ ಕಂಪನಿ ಮತ್ತೆ ಏಳುವುದು ಹೇಗೆ?

ಪ್ರಶ್ನೆ: ಹಲವು ವರ್ಷಗಳಿಂದ ಒಂದೇ ಕಂಪನಿಯ ಗೇಮ್ ಕನ್ಸೋಲ್‌ಗಳನ್ನು ಕೊಳ್ಳುತ್ತ ಬಂದವನು ನಾನು. ಈಗ ಆ ಕಂಪನಿ ಮಾರಾಟದಲ್ಲಿ ಬಹಳ ಹಿಂದೆ ಬಿದ್ದಿದೆ. ಇಂಥ ಕಂಪನಿ ಚೇತರಿಸಿಕೊಳ್ಳಲು ಬೆಲೆ ಇಳಿಸಬೇಕೆ, ಹೊಸ ಯಂತ್ರವನ್ನು ಬೇಗ ತರಬೇಕೆ, ಗೇಮ್ ತಯಾರಿಸುವ ದೊಡ್ಡ ಸ್ಟುಡಿಯೊಗಳನ್ನು ಕೊಂಡುಕೊಳ್ಳಬೇಕೆ, ಇಲ್ಲವೇ ಯಂತ್ರದ ವ್ಯಾಪಾರವನ್ನೇ ಬಿಟ್ಟು ಬರೀ ಗೇಮ್ ಮಾರುತ್ತ ಇರಬೇಕೆ?

ಉತ್ತರ: ನೀವು ಕೇಳಿರುವ ನಾಲ್ಕೂ ದಾರಿಗಳನ್ನು ಒಬ್ಬರಲ್ಲ ಒಬ್ಬರು ತುಳಿದಿದ್ದಾರೆ. ನಾಲ್ಕರಲ್ಲೂ ಕೆಲವರು ಉಳಿದಿದ್ದಾರೆ, ಕೆಲವರು ಮುಳುಗಿದ್ದಾರೆ. ಆದ್ದರಿಂದ ಯಾವ ದಾರಿ ಎಂಬುದಕ್ಕಿಂತ ಮೊದಲು ಯಾವ ಯಂತ್ರವನ್ನು ಉಳಿಸಲು ಹೊರಟಿದ್ದೇವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ನನ್ನ ಅಭಿಪ್ರಾಯ ಇಷ್ಟು: ಸೋತ ಯಂತ್ರವನ್ನೇ ಗೆಲ್ಲಿಸಿ ತೋರಿಸುತ್ತೇವೆಂದು ಹೊರಟ ಕಂಪನಿಗಳು ಬಹುಪಾಲು ಹಣವನ್ನೂ ಕಾಲವನ್ನೂ ಕಳೆದುಕೊಂಡಿವೆ. ಆ ಯಂತ್ರಕ್ಕೆ ಉಳಿದಿರುವ ಮೂರು ನಾಲ್ಕು ವರ್ಷಗಳನ್ನು ಮುಂದಿನ ಯಂತ್ರದ ಬಂಡವಾಳವೆಂದು ಬಗೆದು ಗೇಮ್‌ಗಳನ್ನು, ತಯಾರಕರ ಸ್ನೇಹವನ್ನು, ಗ್ರಾಹಕರ ನಂಬಿಕೆಯನ್ನು ಕೂಡಿಟ್ಟುಕೊಂಡ ಕಂಪನಿಗಳು ಎದ್ದು ನಿಂತಿವೆ. ಇದಕ್ಕೆ ಒಂದು ಮುಖ್ಯ ಅಪವಾದವಿದೆ. ಅದನ್ನೇ ಮೊದಲು ನೋಡೋಣ, ಏಕೆಂದರೆ ಬೆಲೆ ಇಳಿಸುವ ಮದ್ದು ಯಾವಾಗ ನಾಟುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ನಿಂಟೆಂಡೊ ತನ್ನ ಕೈಯಲ್ಲಿ ಹಿಡಿದು ಆಡುವ ಯಂತ್ರವಾದ 3ಡಿಎಸ್ ಅನ್ನು 2011ರ ಫೆಬ್ರವರಿಯಲ್ಲಿ ಜಪಾನಿನಲ್ಲಿ 25,000 ಯೆನ್‌ಗೆ, ಮಾರ್ಚಿಯಲ್ಲಿ ಅಮೆರಿಕದಲ್ಲಿ 249.99 ಡಾಲರ್‌ಗೆ ಬಿಡುಗಡೆ ಮಾಡಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಇಡೀ ಜಗತ್ತಿನಲ್ಲಿ ಮಾರಾಟವಾದದ್ದು ಸುಮಾರು 7 ಲಕ್ಷ ಯಂತ್ರಗಳು ಮಾತ್ರ. ಕಂಪನಿ ಕಾದು ಕೂರಲಿಲ್ಲ. ಆಗಸ್ಟ್‌ನಲ್ಲಿ ಬೆಲೆಯನ್ನು ಜಪಾನಿನಲ್ಲಿ 15,000 ಯೆನ್‌ಗೂ ಅಮೆರಿಕದಲ್ಲಿ 169.99 ಡಾಲರ್‌ಗೂ ಇಳಿಸಿತು. ಹೆಚ್ಚು ಬೆಲೆ ಕೊಟ್ಟು ಮೊದಲೇ ಕೊಂಡವರು ಮೋಸಹೋದೆವೆಂದು ಭಾವಿಸದಂತೆ ಅವರಿಗೆ 20 ಹಳೆಯ ಗೇಮ್‌ಗಳನ್ನು ಉಚಿತವಾಗಿ ಕೊಟ್ಟಿತು. ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. ನವೆಂಬರ್‌ನಲ್ಲಿ ಹೊಸ ಮಾರಿಯೊ ಗೇಮ್ ಬಂತು, ಡಿಸೆಂಬರ್‌ನಲ್ಲಿ ಮಾರಿಯೊ ಕಾರ್ಟ್ 7 ಬಂತು. ಕೊನೆಗೆ ಆ ಯಂತ್ರ 7.5 ಕೋಟಿಗೂ ಹೆಚ್ಚು ಮಾರಾಟವಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬೆಲೆ ಇಳಿಕೆಯನ್ನಷ್ಟೇ ನೆನಪಿಡುತ್ತಾರೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಾಲಮಾನ: ಬಿಡುಗಡೆಯಾಗಿ ಆರು ತಿಂಗಳು ತುಂಬುವುದರೊಳಗೆ ರೋಗವನ್ನು ಗುರುತಿಸಿದರು, ಮದ್ದು ಕೊಟ್ಟರು, ಮದ್ದಿನ ಹಿಂದೆಯೇ ಪಥ್ಯದಂತೆ ಗೇಮ್‌ಗಳನ್ನು ತಂದರು. ಯಂತ್ರದ ಮೂಲ ಕಲ್ಪನೆಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಬೆಲೆಯಲ್ಲಿ ಮತ್ತು ಗೇಮ್‌ಗಳ ಬರದಲ್ಲಿ. ಇದಕ್ಕೂ ತೆರಬೇಕಾದ ದಂಡವಿತ್ತು. ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಯಂತ್ರವನ್ನು ಮಾರಿದ್ದೂ ಯೆನ್ ಬಲಗೊಂಡದ್ದೂ ಸೇರಿ, 2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿಗೆ ಸುಮಾರು 4,320 ಕೋಟಿ ಯೆನ್ ನಿವ್ವಳ ನಷ್ಟವಾಯಿತು. ಹಿಂದಿನ ಒಳ್ಳೆಯ ದಿನಗಳಲ್ಲಿ ಕೂಡಿಟ್ಟಿದ್ದ ನಗದು ಇದ್ದುದರಿಂದ ಅದು ಆ ಪೆಟ್ಟನ್ನು ತಾಳಿಕೊಂಡಿತು. ಅಂಥ ಗಂಟು ಇಲ್ಲದವರಿಗೆ ಅದೇ ಮದ್ದು ವಿಷವಾಗುತ್ತಿತ್ತು.

ಬೆಲೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ತಲೆಮಾರುಗಳಲ್ಲಿ ಚಿಪ್ ತಯಾರಿಕೆಯ ತಂತ್ರಜ್ಞಾನ ಎರಡು ಮೂರು ವರ್ಷಕ್ಕೊಮ್ಮೆ ಮುಂದುವರಿದಾಗ ಅದೇ ಚಿಪ್ ಚಿಕ್ಕದಾಗುತ್ತಿತ್ತು, ಅಗ್ಗವಾಗುತ್ತಿತ್ತು. ಕನ್ಸೋಲ್ ಬೆಲೆಯೂ ತಾನಾಗಿ ಇಳಿಯುತ್ತಿತ್ತು. 2000ದಲ್ಲಿ 299 ಡಾಲರ್‌ಗೆ ಅಮೆರಿಕಕ್ಕೆ ಬಂದ ಸೋನಿಯ ಪ್ಲೇಸ್ಟೇಷನ್ 2, 2002ರ ಹೊತ್ತಿಗೆ 199 ಡಾಲರ್‌ಗೆ ಸಿಗುತ್ತಿತ್ತು. ಈಗ ಚಿಪ್ ಚಿಕ್ಕದಾದರೂ ಅದರ ಖರ್ಚು ಮೊದಲಿನಂತೆ ಕುಗ್ಗುತ್ತಿಲ್ಲ. 2020ರಲ್ಲಿ 499 ಡಾಲರ್ ಇದ್ದ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, 2025ರ ಅಕ್ಟೋಬರ್ ವೇಳೆಗೆ ಅಮೆರಿಕದಲ್ಲಿ 649.99 ಡಾಲರ್ ಆಯಿತು. ಪ್ಲೇಸ್ಟೇಷನ್ 5ರ ಬೆಲೆಯೂ ಅದೇ ವರ್ಷ 50 ಡಾಲರ್ ಏರಿತು. ಐದು ವರ್ಷ ಹಳೆಯದಾದ ಯಂತ್ರ ಬಿಡುಗಡೆಯ ದಿನಕ್ಕಿಂತ ದುಬಾರಿಯಾಗುವುದು ಈ ಉದ್ಯಮದ ಹಳೆಯ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿದೆ. ಹಿಂದೆ ಬಿದ್ದವನ ಕೈಯಲ್ಲಿದ್ದ ಅತ್ಯಂತ ಸುಲಭದ ಆಯುಧವೇ ಹೀಗೆ ಮೊಂಡಾಗಿದೆ. ಈಗ ಬೆಲೆ ಇಳಿಸುವುದೆಂದರೆ ನೇರವಾಗಿ ಕೈಯಿಂದ ಹಣ ಕೊಟ್ಟಂತೆಯೇ.

ಇನ್ನು ಮೂಲ ಕಲ್ಪನೆಯೇ ಎಡವಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅದೇ ಕಂಪನಿಯ ಮುಂದಿನ ಯಂತ್ರ ಸಾಕ್ಷಿ. 2006ರ ವೀ 10 ಕೋಟಿಗೂ ಮೀರಿ ಮಾರಾಟವಾಗಿತ್ತು. 2012ರ ನವೆಂಬರ್‌ನಲ್ಲಿ ಬಂದ ವೀ ಯು ತನ್ನ ಇಡೀ ಆಯುಷ್ಯದಲ್ಲಿ ಕಂಡದ್ದು 1.35 ಕೋಟಿ ಮಾತ್ರ. ಹೆಸರು ಕೇಳಿದ ಅನೇಕರು ಅದು ಹಳೆಯ ವೀಗೆ ಜೋಡಿಸುವ ಪರದೆಯಿರುವ ಉಪಕರಣವೆಂದು ತಿಳಿದರು; ಹೊಸ ಯಂತ್ರವೆಂದು ಅರಿತವರಿಗೂ ಆ ದೊಡ್ಡ ಕೈಪರದೆ ಏತಕ್ಕೆ ಬೇಕೆಂಬುದನ್ನು ಮನಗಾಣಿಸುವ ಗೇಮ್ ಸಿಗಲಿಲ್ಲ. 2014ರ ಜನವರಿಯಲ್ಲಿ ಕಂಪನಿ ಆ ವರ್ಷದ ಮಾರಾಟದ ಅಂದಾಜನ್ನು 90 ಲಕ್ಷದಿಂದ 28 ಲಕ್ಷಕ್ಕೆ ಇಳಿಸಬೇಕಾಯಿತು. ಯಂತ್ರ ಬಿಡು, ಮೊಬೈಲ್ ಫೋನ್‌ಗೆ ಗೇಮ್ ಮಾಡು ಎಂಬ ಸಲಹೆಗಳು ಹೂಡಿಕೆದಾರರಿಂದಲೂ ವಿಶ್ಲೇಷಕರಿಂದಲೂ ಮಳೆಯಂತೆ ಸುರಿದವು.

ಆ ಹೊತ್ತಿನಲ್ಲಿ ನಿಂಟೆಂಡೊ ಏನು ಮಾಡಿತು, ಏನು ಮಾಡಲಿಲ್ಲ ಎಂಬುದೇ ನಿಮ್ಮ ಪ್ರಶ್ನೆಗೆ ಸಿಗಬಹುದಾದ ಅತ್ಯುತ್ತಮ ಉತ್ತರವೆಂದು ನಾನು ನಂಬಿದ್ದೇನೆ. ವೀ ಯುವಿನ ಬೆಲೆಯನ್ನು ಹುಚ್ಚೆದ್ದು ಇಳಿಸಲಿಲ್ಲ, ಅದನ್ನು ಹಿಗ್ಗಾಮುಗ್ಗಾ ಪ್ರಚಾರ ಮಾಡಿ ಮಾರಲು ಹೋಗಲಿಲ್ಲ. ನೌಕರರನ್ನು ಕಡಿತಗೊಳಿಸಬಾರದೇಕೆ ಎಂಬ ಪ್ರಶ್ನೆಗೆ ಇವಾಟ 2013ರಲ್ಲಿ ಷೇರುದಾರರ ಮುಂದೆ ಕೊಟ್ಟ ಉತ್ತರದ ಸಾರ, ಕೆಲಸ ಹೋದೀತೆಂಬ ಭಯದಲ್ಲಿರುವವರು ಜಗತ್ತಿನ ಮನಮುಟ್ಟುವ ಗೇಮ್ ಮಾಡಲಾರರು ಎಂಬುದಾಗಿತ್ತು. ಇದನ್ನು ಹಲವರು ಸಜ್ಜನಿಕೆಯ ಮಾತೆಂದು ಮೆಚ್ಚುತ್ತಾರೆ. ನಾನು ಇದನ್ನು ಅಪ್ಪಟ ವ್ಯಾಪಾರಿ ಬುದ್ಧಿಯೆಂದೂ ಓದುತ್ತೇನೆ. ದೊಡ್ಡ ಗೇಮ್ ಒಂದನ್ನು ಮಾಡಲು ನಾಲ್ಕೈದು ವರ್ಷ ಬೇಕು. ಇಂದು ಚದುರಿಸಿದ ತಂಡದ ಕೊರತೆ ಕಾಣಿಸಿಕೊಳ್ಳುವುದು ಮುಂದಿನ ಯಂತ್ರದ ಬಿಡುಗಡೆಯ ದಿನ.

ಎರಡನೆಯದಾಗಿ, ಮನೆಯ ಟಿವಿಗೆ ಜೋಡಿಸುವ ಯಂತ್ರ ಮತ್ತು ಕೈಯಲ್ಲಿ ಹಿಡಿಯುವ ಯಂತ್ರಗಳ ತಯಾರಿಕಾ ವಿಭಾಗಗಳನ್ನು 2013ರಲ್ಲಿ ಒಂದುಗೂಡಿಸಿತು. 2015ರಲ್ಲಿ ಗೇಮ್ ಮಾಡುವ ಮುಖ್ಯ ವಿಭಾಗಗಳೂ ಒಂದಾದವು. ಅದುವರೆಗೆ ಎರಡು ಬಗೆಯ ಯಂತ್ರಗಳಿಗೆ ಪ್ರತ್ಯೇಕವಾಗಿ ಗೇಮ್ ಮಾಡಬೇಕಾಗಿದ್ದುದರಿಂದ ಒಂದಕ್ಕೆ ಮಳೆ ಬಂದಾಗ ಇನ್ನೊಂದಕ್ಕೆ ಬರ ಎಂಬಂತಾಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಅವರು ಹೀಗೆ ಪಾಲಿಸಿದರು: ಗೇಮ್ ಮಾಡುವ ಶಕ್ತಿ ಇರುವುದು ಒಂದೇ ಯಂತ್ರಕ್ಕೆ ಸಾಲುವಷ್ಟು, ಆದ್ದರಿಂದ ಯಂತ್ರವೂ ಒಂದೇ ಇರಲಿ. 2017ರ ಮಾರ್ಚ್ 3ರಂದು ಬಂದ ಸ್ವಿಚ್ ಟಿವಿಗೂ ಸೈ, ಕೈಗೂ ಸೈ ಎಂಬುದು ಗ್ರಾಹಕರಿಗೆ ಕಂಡ ಗುಣ. ಕಂಪನಿಯ ಎಲ್ಲ ತಂಡಗಳ ಎಲ್ಲ ಗೇಮ್‌ಗಳೂ ಒಂದೇ ಯಂತ್ರಕ್ಕೆ ಹರಿದುಬಂದದ್ದು ಗ್ರಾಹಕರಿಗೆ ಕಾಣದಿದ್ದ, ಆದರೆ ಅದಕ್ಕಿಂತ ದೊಡ್ಡ ಗುಣ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ವೀ ಯುವಿಗಾಗಿ ಆರಂಭಿಸಿದ್ದ ಹೊಸ ಜೆಲ್ಡಾ ಗೇಮ್ ಅನ್ನು 2015ರಲ್ಲಿಯೇ ತರುವುದಾಗಿ ಕಂಪನಿ ಹೇಳಿತ್ತು. ಅದನ್ನು ತಡೆಹಿಡಿದು, ಸ್ವಿಚ್ ಬಿಡುಗಡೆಯಾದ ದಿನವೇ ಎರಡೂ ಯಂತ್ರಗಳಿಗೆ ಬಿಡುಗಡೆ ಮಾಡಿತು. ವೀ ಯು ಕೊಂಡವರಿಗೆ ಕೊಟ್ಟ ಮಾತೂ ಉಳಿಯಿತು, ಹೊಸ ಯಂತ್ರಕ್ಕೆ ಮೊದಲ ದಿನವೇ ಕೊಳ್ಳಲೇಬೇಕಾದ ಕಾರಣವೂ ಸಿಕ್ಕಿತು. ಯಂತ್ರದ ಸೋಲಿನಲ್ಲಿ ಹೂತುಹೋಗಿದ್ದ ಇತರ ಒಳ್ಳೆಯ ಗೇಮ್‌ಗಳನ್ನು ಒಂದೊಂದಾಗಿ ಮೇಲೆತ್ತಿ ಸ್ವಿಚ್‌ಗೆ ತಂದರು. 2014ರ ಮಾರಿಯೊ ಕಾರ್ಟ್ 8 ವೀ ಯುವಿನಲ್ಲಿ ಸುಮಾರು 84 ಲಕ್ಷ ಪ್ರತಿಗಳಲ್ಲಿ ನಿಂತಿತ್ತು. ಅದರ ಪರಿಷ್ಕೃತ ರೂಪ ಸ್ವಿಚ್‌ನಲ್ಲಿ 6 ಕೋಟಿ ದಾಟಿತು. ಸ್ವಿಚ್ ಯಂತ್ರವೇ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಯಂತ್ರ ಸೋತಿತೆಂದು ಅದರ ಗೇಮ್ ಸೋತಂತಲ್ಲ.

ಸೋನಿಯ ಕಥೆಯ ಹಾದಿ ಬೇರೆ, ತಲುಪಿದ ಸ್ಥಳ ಒಂದೇ. ಪ್ಲೇಸ್ಟೇಷನ್ 2 ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕನ್ಸೋಲ್, 16 ಕೋಟಿ ಯಂತ್ರಗಳು. ಅದರ ಅಮಲಿನಲ್ಲಿ 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ರ ಬೆಲೆ ಅಮೆರಿಕದಲ್ಲಿ 499 ಮತ್ತು 599 ಡಾಲರ್. ಸೆಲ್ ಎಂಬ ವಿಚಿತ್ರ ಪ್ರೊಸೆಸರ್, ಆಗ ದುಬಾರಿಯಾಗಿದ್ದ ಬ್ಲೂ-ರೇ ಡ್ರೈವ್, ಹಳೆಯ ಗೇಮ್‌ಗಳು ಓಡಲೆಂದು ಒಳಗೆ ಕೂರಿಸಿದ್ದ ಪ್ಲೇಸ್ಟೇಷನ್ 2ರ ಚಿಪ್‌ಗಳು ಇವೆಲ್ಲ ಸೇರಿ ಅಷ್ಟು ಬೆಲೆಗೆ ಮಾರಿದರೂ ಪ್ರತಿ ಯಂತ್ರಕ್ಕೂ ನಷ್ಟವಾಗುತ್ತಿತ್ತು. 2007ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸೋನಿಯ ಗೇಮ್ ವಿಭಾಗದ ನಷ್ಟ 23,000 ಕೋಟಿ ಯೆನ್ ಮೀರಿತು. ಪ್ಲೇಸ್ಟೇಷನ್‌ನ ಜನಕರೆನಿಸಿದ ಕೆನ್ ಕುಟರಾಗಿ 2007ರಲ್ಲಿ ಕೆಳಗಿಳಿದರು, ಕಾಜ್ ಹಿರಾಯಿ ಆ ವಿಭಾಗವನ್ನು ಮುನ್ನಡೆಸಿದರು.

ಪ್ಲೇಸ್ಟೇಷನ್ 3 ಸತ್ತುಹೋಗಲಿಲ್ಲ ಎಂಬುದನ್ನು ಒಪ್ಪಬೇಕು. ವೆಚ್ಚ ಕಡಿಮೆ ಮಾಡಲು ಭಾಗಗಳನ್ನು ತೆಗೆದರು, 2009ರಲ್ಲಿ ತೆಳುವಾದ ಮಾದರಿಯನ್ನು 299 ಡಾಲರ್‌ಗೆ ತಂದರು, ಕೊನೆಗೆ 8.7 ಕೋಟಿ ಯಂತ್ರಗಳನ್ನು ಮಾರಿ ಎಕ್ಸ್‌ಬಾಕ್ಸ್ 360ರ ಸಾಲಿಗೆ ಬಂದು ನಿಂತರು. ಹಾಗಾದರೆ ನನ್ನ ವಾದ ಬಿದ್ದುಹೋಯಿತೆ? ಇಲ್ಲವೆಂದು ನನ್ನ ಎಣಿಕೆ. ಏಕೆಂದರೆ ಆ ಏಳು ವರ್ಷಗಳಲ್ಲಿ ಸೋನಿಗೆ ದಕ್ಕಿದ ನಿಜವಾದ ಲಾಭ ಆ ಯಂತ್ರದ ಲೆಕ್ಕದಲ್ಲಿ ಬರಲಿಲ್ಲ. ಪ್ಲೇಸ್ಟೇಷನ್ 3ಕ್ಕೆ ಗೇಮ್ ಬರೆಯುವುದು ಎಷ್ಟು ಕಷ್ಟವಾಗಿತ್ತೆಂದರೆ, ಹೊರಗಿನ ಸ್ಟುಡಿಯೊಗಳು ಎದುರಾಳಿ ಯಂತ್ರಕ್ಕೆ ಮೊದಲು ಮಾಡಿ ಆಮೇಲೆ ಇದಕ್ಕೆ ಒಗ್ಗಿಸುತ್ತಿದ್ದವು. ಆ ಕಹಿಯನ್ನು ಉಂಡ ಮೇಲೆ ಮುಂದಿನ ಯಂತ್ರದ ವಾಸ್ತುಶಿಲ್ಪದ ಹೊಣೆಯನ್ನು ಸ್ವತಃ ಗೇಮ್ ಮಾಡುವವರಾದ ಮಾರ್ಕ್ ಸರ್ನಿ ಅವರಿಗೆ ವಹಿಸಿದರು. ಅವರು ಮೊದಲು ಮಾಡಿದ ಕೆಲಸ, ಸ್ಟುಡಿಯೊಗಳ ಬಳಿ ಹೋಗಿ ಏನು ಬೇಕೆಂದು ಕೇಳಿದ್ದು. ಪಿಸಿಗಳಿಂದ ಎಲ್ಲರಿಗೂ ಪರಿಚಯವಿದ್ದ ಎಕ್ಸ್86 ಬಗೆಯ ಪ್ರೊಸೆಸರ್, ಪ್ಲೇಸ್ಟೇಷನ್ 3ರಲ್ಲಿದ್ದ ಎರಡು ಹೋಳಿನ 512 ಮೆಗಾಬೈಟ್ ಮೆಮೊರಿಯ ಬದಲು ಒಂದೇ ಕಡೆ 8 ಗಿಗಾಬೈಟ್ ಮೆಮೊರಿ, 399 ಡಾಲರ್ ಬೆಲೆ: 2013ರ ಪ್ಲೇಸ್ಟೇಷನ್ 4ರಲ್ಲಿ ಬೆರಗು ಹುಟ್ಟಿಸುವ ಆವಿಷ್ಕಾರವೇನೂ ಇರಲಿಲ್ಲ. ಅದೇ ಅದರ ಬುದ್ಧಿವಂತಿಕೆ. ಸೋತ ವರ್ಷಗಳಲ್ಲಿ ಪಳಗಿದ ಸ್ವಂತ ಸ್ಟುಡಿಯೊಗಳ ಗೇಮ್‌ಗಳೂ 2010ರಲ್ಲಿ ಆರಂಭವಾಗಿದ್ದ ಪ್ಲೇಸ್ಟೇಷನ್ ಪ್ಲಸ್ ಚಂದಾವೂ ಹೊಸ ಯಂತ್ರದ ಬೆನ್ನಿಗೆ ನಿಂತವು. 11.7 ಕೋಟಿ ಯಂತ್ರಗಳು ಮಾರಾಟವಾದವು.

ಹೊಸ ಯಂತ್ರವನ್ನು ಬೇಗ ತರಬೇಕೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿ ಬರುತ್ತೇನೆ. ಹಳೆಯ ಯಂತ್ರವನ್ನು ಗೆಲ್ಲಿಸಲು ಹೋಗಬೇಡಿ ಎಂದರೆ ಅದನ್ನು ಬೀದಿಯಲ್ಲಿ ಬಿಟ್ಟುಬಿಡಿ ಎಂದರ್ಥವಲ್ಲ. ಈ ಎರಡರ ನಡುವಿನ ಅಂತರವನ್ನು ಅರಿಯದೆ ಕೆಟ್ಟ ಕಂಪನಿ ಸೇಗಾ. 1994ರ ಕೊನೆಯಲ್ಲಿ ಅದರ ಅಮೆರಿಕದ ಶಾಖೆ ಹಳೆಯ ಜೆನೆಸಿಸ್ ಯಂತ್ರದ ಮೇಲೆ ಕೂರಿಸುವ 32ಎಕ್ಸ್ ಎಂಬ ಉಪಕರಣವನ್ನು ಮಾರಲು ಹೊರಟಿತು. ಅದೇ ನವೆಂಬರ್‌ನಲ್ಲಿ ಜಪಾನಿನ ಕೇಂದ್ರ ಕಚೇರಿ ಸ್ಯಾಟರ್ನ್ ಎಂಬ ಪೂರ್ಣ ಹೊಸ ಯಂತ್ರವನ್ನು ಬಿಡುಗಡೆ ಮಾಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನ ಉದ್ಯಮ ಚರಿತ್ರೆಯಲ್ಲಿ ಸಿಗುವುದು ಕಷ್ಟ. 1995ರ ಮೇ ತಿಂಗಳಲ್ಲಿ, ಸೆಪ್ಟೆಂಬರ್‌ಗೆ ನಿಗದಿಯಾಗಿದ್ದ ಸ್ಯಾಟರ್ನ್ ಅನ್ನು ಅಮೆರಿಕದಲ್ಲಿ ಇಂದೇ ಮಾರುತ್ತಿದ್ದೇವೆಂದು ಸೇಗಾ ಥಟ್ಟನೆ ಘೋಷಿಸಿತು, ಬೆಲೆ 399 ಡಾಲರ್. ಆ ದಿನವೇ ಸೋನಿ ತನ್ನ ಪ್ಲೇಸ್ಟೇಷನ್ ಬೆಲೆ 299 ಡಾಲರ್ ಎಂದಿತು. ಅವಸರದಲ್ಲಿ ಕೆಲವೇ ಅಂಗಡಿ ಸರಪಳಿಗಳಿಗೆ ಯಂತ್ರ ಹೋಯಿತು, ಸಿಗದವರು ಮುನಿದರು, ಗೇಮ್ ಮಾಡುತ್ತಿದ್ದ ಹೊರಗಿನ ಸ್ಟುಡಿಯೊಗಳ ಗೇಮ್‌ಗಳಂತೂ ಇನ್ನೂ ಸಿದ್ಧವಾಗಿಯೇ ಇರಲಿಲ್ಲ. 1997ರಲ್ಲಿ ಅಮೆರಿಕದ ಶಾಖೆಯ ಮುಖ್ಯಸ್ಥರು ಸ್ಯಾಟರ್ನ್ ನಮ್ಮ ಭವಿಷ್ಯವಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಅದರ ಮುಂದಿನ ಯಂತ್ರವಾದ ಡ್ರೀಮ್‌ಕಾಸ್ಟ್ ಅಮೆರಿಕಕ್ಕೆ ಬಂದದ್ದು 1999ರ ಸೆಪ್ಟೆಂಬರ್ 9ರಂದು. ನಡುವಿನ ಆ ಎರಡು ವರ್ಷಗಳಲ್ಲಿ ಸ್ಯಾಟರ್ನ್ ಕೊಂಡವನು ಯಾವ ಗೇಮ್ ಆಡಬೇಕಿತ್ತು, ಮಾರಿದ ಅಂಗಡಿಯವನು ಏನು ಮಾರಬೇಕಿತ್ತು ಎಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಡ್ರೀಮ್‌ಕಾಸ್ಟ್ ಕೆಟ್ಟ ಯಂತ್ರವಲ್ಲ, 199 ಡಾಲರ್‌ಗೆ ಸಿಗುತ್ತಿದ್ದ ಬಹಳ ಒಳ್ಳೆಯ ಯಂತ್ರ. ಇಂಟರ್ನೆಟ್ ಜೋಡಣೆಗೆ ಮೋಡೆಮ್ ಅನ್ನು ಒಳಗೇ ಇಟ್ಟುಕೊಂಡು ಬಂದಿತ್ತು. ಆದರೆ ನಂಬಿಕೆಯ ಖಾತೆ ಆಗಲೇ ಬರಿದಾಗಿತ್ತು. ಅಮೆರಿಕದ ಅತಿದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾದ ಎಲೆಕ್ಟ್ರಾನಿಕ್ ಆರ್ಟ್ಸ್ ಅದಕ್ಕೆ ಒಂದು ಗೇಮ್ ಅನ್ನೂ ಮಾಡಲಿಲ್ಲ. ಪ್ಲೇಸ್ಟೇಷನ್ 2 ಬರುತ್ತಿದೆ, ಅದರಲ್ಲಿ ಡಿವಿಡಿ ಕೂಡ ನೋಡಬಹುದು ಎಂಬ ಮಾತು ಕೇಳಿದ ಗ್ರಾಹಕರು ಕಾಯುವುದೇ ಮೇಲೆಂದು ಕಾದರು. ಪದೇ ಪದೇ ಕೈಸುಟ್ಟುಕೊಂಡವನು ಮುಂದಿನ ಬಾರಿ ಕಾದು ನೋಡುವುದು ಸಹಜ. ಸೇಗಾದ ಪೆಟ್ಟಿಗೆಯಲ್ಲಿ ಆ ಕಾಯುವಿಕೆಯನ್ನು ತಾಳಿಕೊಳ್ಳುವಷ್ಟು ಹಣವೂ ಇರಲಿಲ್ಲ. 91 ಲಕ್ಷ ಯಂತ್ರಗಳಿಗೆ ಅದರ ಕಥೆ ಮುಗಿಯಿತು.

ನಂಬಿಕೆಯ ಮಾತಿಗೆ ಬೆಲೆ ಕಟ್ಟಲಾಗದು ಎನ್ನುತ್ತಾರೆ, ಆದರೆ ಒಮ್ಮೆ ಬೆಲೆ ಕಟ್ಟಿದ ನಿದರ್ಶನವಿದೆ. ಎಕ್ಸ್‌ಬಾಕ್ಸ್ 360 ಯಂತ್ರಗಳು ಬಿಸಿಯ ಕಾರಣಕ್ಕೆ ಕೆಟ್ಟು, ಮುಂಭಾಗದಲ್ಲಿ ಕೆಂಪು ದೀಪಗಳು ಹೊತ್ತಿಕೊಳ್ಳತೊಡಗಿದಾಗ, ಮೈಕ್ರೋಸಾಫ್ಟ್ 2007ರ ಜುಲೈನಲ್ಲಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗಿಂತ ಹೆಚ್ಚಿನ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಿತು. ಹಣ ಹೋಯಿತು, ಗ್ರಾಹಕರು ಉಳಿದರು. ಅದೇ ಕಂಪನಿ ಆರು ವರ್ಷಗಳ ನಂತರ ಆ ನಂಬಿಕೆಯನ್ನು ಒಂದೇ ತಿಂಗಳಲ್ಲಿ ಚೆಲ್ಲಿತು ಎಂಬುದು ವಿಪರ್ಯಾಸ. 2013ರ ಮೇ ತಿಂಗಳಲ್ಲಿ ಪರಿಚಯಿಸಿದ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಹೊಂದಿಕೊಳ್ಳಬೇಕೆಂದೂ, ಕೊಂಡ ಗೇಮ್ ಡಿಸ್ಕ್ ಅನ್ನು ಬೇರೆಯವರಿಗೆ ಕೊಡಲು ಮಾರಲು ನಿರ್ಬಂಧಗಳಿವೆಯೆಂದೂ ತಿಳಿಯಿತು. ಜನ ರೊಚ್ಚಿಗೆದ್ದ ಮೇಲೆ ಜೂನ್‌ನಲ್ಲಿ ಆ ನಿಯಮಗಳನ್ನು ಹಿಂತೆಗೆದುಕೊಂಡರು. ಕಿನೆಕ್ಟ್ ಕ್ಯಾಮೆರಾವನ್ನು ಕಡ್ಡಾಯವಾಗಿ ಸೇರಿಸಿದ್ದರಿಂದ ಬೆಲೆ 499 ಡಾಲರ್, ಅಂದರೆ ಎದುರಾಳಿಗಿಂತ 100 ಡಾಲರ್ ಹೆಚ್ಚು. ಒಂದು ವರ್ಷದೊಳಗೆ ಕಿನೆಕ್ಟ್ ಇಲ್ಲದ ಮಾದರಿಯನ್ನು 399ಕ್ಕೆ ತಂದರೂ, ಆ ತಲೆಮಾರಿನಲ್ಲಿ ಪ್ಲೇಸ್ಟೇಷನ್ 4 ಎರಡು ಪಟ್ಟಿಗಿಂತ ಹೆಚ್ಚು ಮಾರಾಟವಾಯಿತೆಂದು ಮೈಕ್ರೋಸಾಫ್ಟ್ ಬ್ರೆಜಿಲ್‌ನ ನಿಯಂತ್ರಣ ಸಂಸ್ಥೆಗೆ ಕೊಟ್ಟ ದಾಖಲೆಯಲ್ಲಿ ಮುಂದೆ ಒಪ್ಪಿಕೊಂಡಿತು.

ಆಮೇಲಿನ ಚಿಕಿತ್ಸೆಯಲ್ಲಿ ಮೆಚ್ಚಬೇಕಾದದ್ದು ಬಹಳಷ್ಟಿದೆ. 2014ರಲ್ಲಿ ಫಿಲ್ ಸ್ಪೆನ್ಸರ್ ಆ ವಿಭಾಗದ ಹೊಣೆ ಹೊತ್ತ ಮೇಲೆ, 2015ರಲ್ಲಿ ಹಳೆಯ 360 ಗೇಮ್‌ಗಳು ಹೊಸ ಯಂತ್ರದಲ್ಲಿ ಹೆಚ್ಚುವರಿ ಹಣವಿಲ್ಲದೆ ಓಡುವಂತೆ ಮಾಡಿದರು; 2017ರಲ್ಲಿ ತಿಂಗಳಿಗೆ 9.99 ಡಾಲರ್‌ನ ಗೇಮ್ ಪಾಸ್ ಎಂಬ, ಹಲವು ಗೇಮ್‌ಗಳನ್ನು ಆಡಲು ಕೊಡುವ ಚಂದಾ ಆರಂಭಿಸಿದರು. ಆದರೂ ಮುಂದಿನ ಯಂತ್ರ ಏಕೆ ಮೇಲೇಳಲಿಲ್ಲ? ಸ್ಪೆನ್ಸರ್ ಅವರೇ 2023ರಲ್ಲಿ ಇದಕ್ಕೆ ಒಂದು ಕಾರಣ ಕೊಟ್ಟರು: ಎಕ್ಸ್‌ಬಾಕ್ಸ್ ಒನ್ ತಲೆಮಾರಿನಲ್ಲಿಯೇ ಜನ ಡಿಜಿಟಲ್ ರೂಪದಲ್ಲಿ ಗೇಮ್ ಕೊಳ್ಳತೊಡಗಿದರು, ಸೋಲಲು ಅದು ಅತ್ಯಂತ ಕೆಟ್ಟ ತಲೆಮಾರಾಗಿತ್ತು. ಇದು ನೆಪವಲ್ಲ, ನಿಜ. ಡಿಸ್ಕ್‌ಗಳ ಕಾಲದಲ್ಲಿ ಹಳೆಯದನ್ನು ಮಾರಿ ಹೊಸ ಕಂಪನಿಯ ಯಂತ್ರಕ್ಕೆ ಹಾರುವುದು ಸುಲಭವಾಗಿತ್ತು. ಈಗ ಒಬ್ಬನ ಖಾತೆಯಲ್ಲಿ ನೂರು ಗೇಮ್‌ಗಳಿದ್ದರೆ, ಗೆಳೆಯರ ಪಟ್ಟಿಯೂ ಅಲ್ಲೇ ಇದ್ದರೆ, ಅವನು ಅದನ್ನೆಲ್ಲ ಬಿಟ್ಟು ಏಳುವಷ್ಟು ದೊಡ್ಡ ಕಾರಣ ಬೇಕು. ಅಂದರೆ ಇಂದು ಹಿಂದೆ ಬಿದ್ದ ಕಂಪನಿ ಎದುರಾಳಿಯ ಮನೆಯಿಂದ ಜನರನ್ನು ಎಬ್ಬಿಸಿ ತರುವ ಯೋಚನೆಯನ್ನು ಬಿಟ್ಟು, ಇನ್ನೂ ಯಾರ ಮನೆಯಲ್ಲೂ ನೆಲೆಯೂರದವರನ್ನು ಕರೆಯಬೇಕು, ಇಲ್ಲವೇ ಜನ ಬೇರೆಡೆ ಕೂಡಿಟ್ಟ ಗೇಮ್‌ಗಳು ತನ್ನ ಯಂತ್ರದಲ್ಲೂ ಓಡುವಂತೆ ಮಾಡಬೇಕು. ಪಿಸಿ ಗೇಮ್‌ಗಳನ್ನು ಮಾರುವ ವಾಲ್ವ್ ಕಂಪನಿ 2022ರಲ್ಲಿ ತಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಎರಡನೆಯ ಉಪಾಯಕ್ಕೆ ಒಳ್ಳೆಯ ಮಾದರಿ. ಅದನ್ನು ಕೊಂಡವನು ತನ್ನ ಪಿಸಿಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಗೇಮ್‌ಗಳನ್ನು ಮೊದಲ ದಿನವೇ ಕೈಯಲ್ಲಿ ಹಿಡಿದ.

ಸ್ಟುಡಿಯೊಗಳನ್ನು ಕೊಳ್ಳುವ ವಿಚಾರದಲ್ಲಿ ನಾನು ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಂಕಿಗಳೇ ಸಾಕಷ್ಟು ಹೇಳುತ್ತವೆ. ಮೈಕ್ರೋಸಾಫ್ಟ್ 2014ರಲ್ಲಿ ಮೈನ್‌ಕ್ರಾಫ್ಟ್‌ನ ಮೊಯಾಂಗ್‌ಗೆ 250 ಕೋಟಿ ಡಾಲರ್, ಆಮೇಲೆ ಜೆನಿಮ್ಯಾಕ್ಸ್‌ಗೆ ಸುಮಾರು 750 ಕೋಟಿ ಡಾಲರ್, 2023ರ ಅಕ್ಟೋಬರ್‌ನಲ್ಲಿ ಮುಗಿದ ಆಕ್ಟಿವಿಷನ್ ಬ್ಲಿಜಾರ್ಡ್ ಖರೀದಿಗೆ 6,870 ಕೋಟಿ ಡಾಲರ್ ಸುರಿಯಿತು. ಯಂತ್ರದ ಮಾರಾಟ ಅದರಿಂದ ಏರಲಿಲ್ಲ. ಅಷ್ಟು ದುಬಾರಿ ಗೇಮ್‌ಗಳನ್ನು ಕಡಿಮೆ ಜನರಿರುವ ಒಂದೇ ಯಂತ್ರಕ್ಕೆ ಕಟ್ಟಿಹಾಕಿದರೆ ಹಾಕಿದ ಹಣ ಹುಟ್ಟುವುದಿಲ್ಲ; ಕಟ್ಟು ಬಿಚ್ಚಿ ಎಲ್ಲೆಡೆ ಮಾರಿದರೆ ಯಂತ್ರ ಕೊಳ್ಳಲು ಕಾರಣ ಉಳಿಯುವುದಿಲ್ಲ. 2024ರಲ್ಲಿ ನಾಲ್ಕು ಗೇಮ್‌ಗಳನ್ನು ಎದುರಾಳಿ ಯಂತ್ರಗಳಿಗೆ ಬಿಟ್ಟುಕೊಟ್ಟು ಆರಂಭಿಸಿದ ಮೈಕ್ರೋಸಾಫ್ಟ್, 2025ರಲ್ಲಿ ತನ್ನ ಕಾರ್ ರೇಸ್ ಗೇಮ್ ಫೋರ್ಜಾ ಹೊರೈಜನ್ 5ನ್ನು ಪ್ಲೇಸ್ಟೇಷನ್ 5ಕ್ಕೆ ತರುವವರೆಗೆ ಮುಂದುವರಿಯಿತು. ಗೇಮ್ ಪಾಸ್‌ನ ಅಲ್ಟಿಮೇಟ್ ಶ್ರೇಣಿಯ ಚಂದಾ 2025ರ ಅಕ್ಟೋಬರ್‌ನಲ್ಲಿ 29.99 ಡಾಲರ್‌ಗೆ ಏರಿತು. ಗೇಮ್ ಮಾರುವ ಸಂಸ್ಥೆಯಾಗಿ ನೋಡಿದರೆ ಇವೆಲ್ಲ ಸರಿಯಾದ ಹೆಜ್ಜೆಗಳೇ. ಯಂತ್ರ ಮಾರುವ ಸಂಸ್ಥೆಯಾಗಿ ನೋಡಿದರೆ, ಎರಡು ದೋಣಿಯ ಮೇಲೆ ಕಾಲಿಟ್ಟ ನಿಲುವು. ಸ್ಟುಡಿಯೊ ಕೊಳ್ಳುವುದೇ ಆದರೆ ಚಿಕ್ಕ ತಂಡಗಳನ್ನು ಬೇಗ ಕೊಂಡು, ಅವು ಬೆಳೆಯಲು ಎಂಟು ಹತ್ತು ವರ್ಷ ಬಿಡುವುದು ನನ್ನ ಮಟ್ಟಿಗೆ ಲೇಸು. ಸೋನಿ ನಾಟಿ ಡಾಗ್ ಅನ್ನು 2001ರಲ್ಲಿ ಕೊಂಡಿತು. ಪ್ಲೇಸ್ಟೇಷನ್ 3ರ ಕಷ್ಟದ ದಿನಗಳಲ್ಲಿ ಕೈಹಿಡಿದ ಸ್ಟುಡಿಯೊಗಳಲ್ಲಿ ಅದು ಒಂದು.

ಕೊನೆಯ ಪ್ರಶ್ನೆ: ಯಂತ್ರದ ವ್ಯಾಪಾರವನ್ನೇ ಬಿಡಬೇಕೆ? ಮೂರು ಸಂಗತಿಗಳನ್ನು ನೋಡಿ ನಿರ್ಧರಿಸಬಹುದು. ಮುಂದಿನ ಯಂತ್ರ ಒಂದು ವೇಳೆ ತಡವಾಗಿ ಕೈಹಿಡಿದರೂ ಅಲ್ಲಿಯವರೆಗೆ ನಷ್ಟ ಹೊರುವ ಹಣ ಇದೆಯೇ, ಹೊರಗಿನ ಸ್ಟುಡಿಯೊಗಳು ಇನ್ನೂ ಅದಕ್ಕೆ ಗೇಮ್ ಮಾಡಲು ಒಪ್ಪುತ್ತವೆಯೇ, ಆ ಯಂತ್ರ ಏತಕ್ಕೆ ಬೇಕೆಂಬುದನ್ನು ಗೇಮ್ ಆಡದವನಿಗೂ ಅರ್ಥವಾಗುವಂತೆ ಒಂದೇ ವಾಕ್ಯದಲ್ಲಿ ಹೇಳಲು ಕಂಪನಿಗೆ ಸಾಧ್ಯವಿದೆಯೇ. 2014ರ ನಿಂಟೆಂಡೊ ಬಳಿ ಎರಡನೆಯದು ಬಹುತೇಕ ಇರಲಿಲ್ಲ, ಆದರೆ ಮೊದಲನೆಯದು ಧಾರಾಳವಾಗಿತ್ತು, ಮೂರನೆಯದು ಒಳಗೆ ರೂಪುಗೊಳ್ಳುತ್ತಿತ್ತು. ಸೇಗಾ ಬಳಿ 2000ದ ಹೊತ್ತಿಗೆ ಮೂರೂ ಇರಲಿಲ್ಲ. ಅದರ ಅಧ್ಯಕ್ಷ ಇಸಾವೊ ಓಕಾವ ತಮ್ಮ ಸ್ವಂತ ಆಸ್ತಿಯಿಂದ ಸುಮಾರು 8,500 ಕೋಟಿ ಯೆನ್ ಮೌಲ್ಯವನ್ನು ಕಂಪನಿಗೆ ಬಿಟ್ಟುಕೊಟ್ಟು 2001ರ ಮಾರ್ಚಿಯಲ್ಲಿ ತೀರಿಕೊಂಡರು. ಆ ಹಣ ಇನ್ನೊಂದು ಯಂತ್ರಕ್ಕೆ ಹೋಗಲಿಲ್ಲ, ಕಂಪನಿಯನ್ನು ಗೇಮ್ ತಯಾರಕನಾಗಿ ಉಳಿಸಲು ಆಸರೆಯಾಯಿತು. ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದು ಆ ವರ್ಷದ ಜನವರಿ 31ರಂದು. ಡಿಸೆಂಬರ್ ಬರುವಷ್ಟರಲ್ಲಿ, ಹತ್ತು ವರ್ಷ ಮಾರಿಯೊವಿಗೆ ಎದುರಾಳಿಯಾಗಿ ಓಡಿದ್ದ ಸೇಗಾದ ಗೇಮ್ ನಾಯಕ ಸೋನಿಕ್ ಜಪಾನಿನ ಅಂಗಡಿಗಳಲ್ಲಿ ನಿಂಟೆಂಡೊ ಯಂತ್ರದ ಗೇಮ್ ಆಗಿ ಮಾರಾಟವಾಗುತ್ತಿತ್ತು.